ಮೂವತ್ತಾರು ಮೊಟ್ಟೆ

ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಬರೆದ ಪವಾಡಗಳಲ್ಲಿ ನನಗೆ ಅಚ್ಚುಮೆಚ್ಚು ಆ ನೆತ್ತರಿನ ಎಳೆ. 1967ರ ಕಾದಂಬರಿ ‘ಒಂದು ನೂರು ವರ್ಷಗಳ ಏಕಾಂತ’ದಲ್ಲಿ ಸತ್ತ ಮಗನ ರಕ್ತ ಬಾಗಿಲ ಸಂದಿಯಿಂದ ಹೊರಬಿದ್ದು, ಬೀದಿಗಿಳಿದು, ತಿರುವುಗಳಲ್ಲಿ ತಿರುಗಿ ತಾಯಿಯ ಮನೆ ಹುಡುಕಿಕೊಂಡು ಹೋಗುತ್ತದೆ. ಒಳಗೆ ಬಂದದ್ದೇ ಗೋಡೆಯಂಚು ಹಿಡಿಯುತ್ತದೆ, ಜಮಖಾನೆ ಕೊಳೆಯಾಗಬಾರದಲ್ಲ! ಊಟದ ಮೇಜನ್ನು ಬಳಸಿ ಅಡುಗೆಮನೆ ತಲುಪಿದಾಗ ಆ ತಾಯಿ ಉರ್ಸುಲಾ ಬ್ರೆಡ್ಡಿಗೆಂದು 36 ಮೊಟ್ಟೆ ಒಡೆಯುವುದರಲ್ಲಿದ್ದಾಳೆ. ಆ ಲೆಕ್ಕವೇ ನಮ್ಮನ್ನು ನಂಬಿಸಿಬಿಡುತ್ತದೆ. ಪತ್ರಿಕೆಯ ವರದಿಗಾರಿಕೆಯಲ್ಲಿ ಪಳಗಿದ ಕೈ ಅದು. ಮಾರ್ಕೆಸ್‌ನ ಹುಟ್ಟೂರು ಅರಕಟಾಕದಲ್ಲಿ ಅವನ ಅಜ್ಜಿ ದೆವ್ವಭೂತಗಳ ಸುದ್ದಿಯನ್ನೂ ಮುಖದ ಗೆರೆ ಅಲುಗದಂತೆ ಹೇಳುತ್ತಿದ್ದರಂತೆ. ಮೊಮ್ಮಗ ಆ ದನಿಯನ್ನೇ ಕಾದಂಬರಿಗೆ ತಂದ. 1982ರಲ್ಲಿ ನೊಬೆಲ್ ಬಂತು, ಅದಿರಲಿ. ನೆತ್ತರಿನ ಎಳೆಯ ಆ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ.