ಜೋಳ, ಪೆಲ್ಲಾಗ್ರ ಮತ್ತು ಚರ್ಮದ ಸಾಕ್ಷ್ಯ: ಒಂದು ವಿಮರ್ಶೆ

ಧೂಪದಾಳದ ಒಡ್ಡಿನಿಂದಲೂ ಹಿಡಕಲ್ ಜಲಾಶಯದಿಂದಲೂ ಹರಿದ ನೀರು ಘಟಪ್ರಭೆಯ ಸೀಮೆಗೆ ಕಬ್ಬನ್ನು ತಂದಿತು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ತಾಟಿನಿಂದ ಜೋಳದ ರೊಟ್ಟಿಯನ್ನು ಅದು ಕದಲಿಸಿಲ್ಲ. ಆದುದರಿಂದ ಇದೇ ಜೋಳವನ್ನು ಒಂದು ರೋಗದ ಕಾರಣವೆಂದು ಹೆಸರಿಸಿದ ಸಂಶೋಧನೆಯನ್ನು ಈ ಸೀಮೆಯ ದೃಷ್ಟಿಯಿಂದ ಪರೀಕ್ಷಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಪೆಲ್ಲಾಗ್ರ ರೋಗದಲ್ಲಿ ಬಿಸಿಲು ತಾಕುವ ಕೈ, ಕಾಲು, ಕೊರಳುಗಳ ಚರ್ಮವು ಎರಡು ಬದಿಗೂ ಸಮನಾಗಿ ಕಪ್ಪಾಗಿ, ಒರಟಾಗಿ ಸುಲಿಯುವುದು; ಜೊತೆಗೆ ಭೇದಿಯೂ ಬುದ್ಧಿವಿಕಾರವೂ ತೋರುವುವು. 1735ರಲ್ಲಿ ಸ್ಪೇನಿನ ಕಸಾಲ್ ಇದನ್ನು ವರ್ಣಿಸಿದನು. ಇದು ಅಂಟುರೋಗವಲ್ಲ, ಆಹಾರದ ಕೊರತೆ ಎಂಬುದನ್ನು ಅಮೇರಿಕೆಯಲ್ಲಿ ಗೋಲ್ಡ್‌ಬರ್ಗರ್ 1914ರಿಂದ ನಡೆಸಿದ ಅಧ್ಯಯನಗಳು ತೋರಿದವು. ನಿಕೋಟಿನಿಕ್ ಆಮ್ಲದ ಗುಣವು 1937ರಲ್ಲಿ ಎಲ್ವೆಹೆಮ್‌ನಿಂದ ವಿದಿತವಾಯಿತು. ಮೆಕ್ಕೆಜೋಳದಲ್ಲಿ ಈ ಆಮ್ಲವು ದೇಹಕ್ಕೆ ದಕ್ಕದ ರೂಪದಲ್ಲಿದೆ; ಅದನ್ನು ದೇಹದಲ್ಲಿ ನಿರ್ಮಿಸಬಲ್ಲ ಟ್ರಿಪ್ಟೋಫಾನ್ ಸಹ ಅಲ್ಪ.

ದಕ್ಷಿಣಾಪಥದ ರೋಗಿಗಳು ಉಣ್ಣುತ್ತಿದ್ದುದು ಮೆಕ್ಕೆಜೋಳವಲ್ಲ, ಜೋಳ. ಅದರಲ್ಲಿ ಟ್ರಿಪ್ಟೋಫಾನ್ ಅಷ್ಟು ಕಡಿಮೆಯಿಲ್ಲ. ಹಾಗಾದರೆ ರೋಗವೇಕೆ? ಹೈದರಾಬಾದಿನ ಪೌಷ್ಟಿಕಾಹಾರ ಪ್ರಯೋಗಶಾಲೆಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಕೊಟ್ಟ ಉತ್ತರವೆಂದರೆ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಈ ನಿರ್ಮಾಣಕಾರ್ಯಕ್ಕೆ ಅಡ್ಡಿಯಾಗುತ್ತದೆ ಎಂಬುದು. ಪರದೇಶದ ವಿವರಣೆಯನ್ನು ಹಾಗೆಯೇ ಎತ್ತಿಕೊಳ್ಳದೆ ತಮ್ಮ ಎದುರಿನ ರೋಗಿಯನ್ನು ನೋಡಿ ಪ್ರಶ್ನೆ ಕೇಳಿದುದು ಈ ವಿದ್ವಾಂಸರ ಹಿರಿಮೆ. ಇದನ್ನು ನಾವು ಮುಕ್ತಮನಸ್ಸಿನಿಂದ ಒಪ್ಪುತ್ತೇವೆ.

ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು, ಬೇರೆಡೆ ನಡೆದ ಕೆಲವು ಪ್ರಯೋಗಗಳಲ್ಲಿ ಇದೇ ಫಲ ದೊರೆಯಲಿಲ್ಲ. ಲ್ಯೂಸಿನ್ ವಾದ ಇಂದಿಗೂ ವಿವಾದಾತೀತವಲ್ಲ. ಎರಡನೆಯದು ಹೆಚ್ಚು ಮಹತ್ತ್ವದ್ದು. ತಲೆಮಾರುಗಳಿಂದ ಜೋಳವನ್ನೇ ಉಂಡ ಅಸಂಖ್ಯ ಜನರಿಗೆ ಈ ರೋಗ ಬಂದಿಲ್ಲ. ಧಾನ್ಯವೊಂದೇ ಕಾರಣವಾಗಿದ್ದರೆ ಇದು ಹೇಗೆ ಸಾಧ್ಯ? ಉತ್ತರವು ರೊಟ್ಟಿಯಲ್ಲಿಲ್ಲ, ರೊಟ್ಟಿಯ ಪಕ್ಕದಲ್ಲಿದೆ. ಶೇಂಗಾ ಚಟ್ನಿಯಲ್ಲಿ ನಿಕೋಟಿನಿಕ್ ಆಮ್ಲ ಹೇರಳ. ಬೇಳೆ, ಝುಣಕ, ಮಜ್ಜಿಗೆಗಳು ಪ್ರೋಟೀನನ್ನು ಕೂಡಿಸುತ್ತವೆ. ಇವಿಲ್ಲದೆ ಬರಿಯ ರೊಟ್ಟಿಯಿಂದ ಹೊಟ್ಟೆ ತುಂಬಿಸಿಕೊಂಡು ಬಿಸಿಲಲ್ಲಿ ದುಡಿಯುವ ಕೂಲಿಯವನ ಚರ್ಮವೇ ಮೊದಲು ಸಾಕ್ಷಿ ನುಡಿಯುವುದು.

ಈ ಭೇದ ಕೇವಲ ಶಾಸ್ತ್ರಚರ್ಚೆಯದಲ್ಲ. ದೋಷವನ್ನು ಧಾನ್ಯದ ಮೇಲೆ ಹೊರಿಸಿದರೆ ಜೋಳ ಬಿಡಿರೆಂದು ಹೇಳಬೇಕಾಗುತ್ತದೆ. ತಾಟಿನ ಮೇಲೆ ಹೊರಿಸಿದರೆ ಬಡವನ ತಾಟಿಗೆ ಇನ್ನೇನು ಬೇಕೆಂದು ಕೇಳಬೇಕಾಗುತ್ತದೆ. ಎರಡನೆಯ ಪ್ರಶ್ನೆ ಕಷ್ಟದ್ದು, ಆದರೆ ಸರಿಯಾದದ್ದು.

ಇಂದು ಪೆಲ್ಲಾಗ್ರ ವಿರಳ. ಆದರೂ ಮದ್ಯವ್ಯಸನಿಗಳಲ್ಲಿಯೂ ಕ್ಷಯಕ್ಕೆ ಐಸೋನಿಯಜಿಡ್ ಸೇವಿಸುವವರಲ್ಲಿಯೂ ಅದು ಕಾಣಿಸಿಕೊಳ್ಳುವುದುಂಟು. ಇಂಥ ಚರ್ಮಕ್ಕೆ ಮುಲಾಮು ಹಚ್ಚಿ ಕಳುಹಿಸುವ ವೈದ್ಯನು ರೋಗವನ್ನು ಕಾಣಲಿಲ್ಲ. ನಿಕೋಟಿನಮೈಡ್ ಕೊಟ್ಟರೆ ಬುದ್ಧಿಯ ಕಲಕು ಕೆಲವೇ ದಿನಗಳಲ್ಲಿಯೂ ಚರ್ಮ ಕೆಲವು ವಾರಗಳಲ್ಲಿಯೂ ತಿಳಿಯಾಗುವುದು. ಚರ್ಮರೋಗದ ಸಂಶೋಧಕನು ಚರ್ಮವನ್ನು ನೋಡಿದ ಮೇಲೆ “ಏನು ಉಂಡಿರಿ?” ಎಂದು ಕೇಳುವುದನ್ನು ಮರೆಯಬಾರದೆಂಬುದೇ ಈ ಪರಾಮರ್ಶೆಯಿಂದ ನಾವು ತಳೆಯುವ ನಿರ್ಣಯ.