ಮುಟ್ಟದ ಪುಸ್ತಕದ ಬೆಲೆ

ನಗರದ ಹಳೇ ಪುಸ್ತಕದಂಗಡಿಯೊಂದರಲ್ಲಿ ನಮಗೆ ಅಂಬೇಡ್ಕರರ 'ರೂಪಾಯಿಯ ಸಮಸ್ಯೆ' ಸಿಕ್ಕಿತು. ಸಿಕ್ಕಿತು ಅನ್ನೋದು ತಪ್ಪು, ಕಣ್ಣಿಗೆ ಬಿತ್ತು. 1923ರಲ್ಲಿ ಲಂಡನ್ನಿನಲ್ಲಿ ಬಂದ ಮೊದಲ ಮುದ್ರಣವಲ್ಲ. 1947ರಲ್ಲಿ ಮುಂಬಯಿಯಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಅಚ್ಚಾದದ್ದು. ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಕೈ ಚಾಚಿದೆವು. "ಮುಟ್ಟಬೇಡಿ ಸಾರ್, ಯಾರೂ ಬಿಡಿಸದ ಪ್ರತಿ. ಬೆನ್ನು ಮಡಿಸಿದ್ರೆ ರೇಟು ಇಳೀತದೆ" ಅಂದ ಅಂಗಡಿಯಾತ. ಆತನ ಮನಸ್ಸಿನಲ್ಲಿ ಜಾತಿ ಇರಲಿಲ್ಲ, ವ್ಯಾಪಾರ ಇತ್ತು, ನಿಜ. ಆದರೆ ನಮ್ಮ ಅಪ್ಪಂದಿರು ಆ ಮಾತನ್ನ ಬಾವಿಕಟ್ಟೆಯಲ್ಲಿ, ಹೋಟ್ಲು ಬಾಗಿಲಲ್ಲಿ ಕೇಳಿದವರು. ಅಂಬೇಡ್ಕರರ ಪುಸ್ತಕದ ಮುಂದೆಯೇ ಅದನ್ನ ಕೇಳಬೇಕಾಯ್ತಲ್ಲ!

ಅಪರೂಪದ ಪುಸ್ತಕಗಳ ದಂಧೆಯ ನಿಯಮವೇ ಇದು. ಓದದೇ ಉಳಿದ ಪ್ರತಿಗೆ ಹೆಚ್ಚು ಬೆಲೆ, ಓದಿ ಅಡಿಗೆರೆ ಎಳೆದ ಪ್ರತಿಗೆ ಕಡಿಮೆ. ಆ ಪುಸ್ತಕದ ಒಳಗಿರೋದಾದರೂ ಏನು? ರೂಪಾಯಿ ಬೆಲೆ ಕಳಕೊಂಡಾಗ ಸರಕಿನ ಬೆಲೆ ಮೊದಲು ಏರುತ್ತೆ, ಕೂಲಿ ಹಿಂದೆ ಉಳಿಯುತ್ತೆ, ಧಣಿಗೆ ಬಂದ ಲಾಭ ಕೂಲಿಯವನ ಹೊಟ್ಟೆಯಿಂದ ಕಿತ್ತದ್ದು ಎಂಬ ವಾದ. ಅದನ್ನ ಓದಬೇಕಾದ ಕೂಲಿಯವನ ಮಗನಿಗೆ ಬೆಲೆಯೇ ಬೀಗವಾಗಿದೆ.

ಹಾಗಂತ ಸಂಗ್ರಹಿಸೋರನ್ನೆಲ್ಲ ಬಯ್ಯುವುದು ಸುಲಭದ ಬಂಡಾಯ, ನಮಗೆ ಅದು ಬೇಡ. ಇಂಗ್ಲೆಂಡಿನಲ್ಲಿ ಫಾಕ್ಸ್‌ವೆಲ್ ಅಂತ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು. 1875ರಲ್ಲಿ ಗೆಳೆಯ ಜೆವನ್ಸ್ ಬೀದಿಬದಿಯಲ್ಲಿ ತೋರಿಸಿದ ರೈಲ್ವೆ ಅರ್ಥವ್ಯವಸ್ಥೆಯ ಪುಸ್ತಕವನ್ನ ಆರು ಪೆನ್ನಿಗೆ ಕೊಂಡ. ಅಲ್ಲಿಂದ ಹಿಡಿದ ಹುಚ್ಚು. ಸ್ವತಃ ಸಮಾಜವಾದಿಯಲ್ಲ, ಆದರೂ ದುಡಿಯುವವರ ಪರವಾಗಿ ಬರೆದು ಮರೆಯಾದವರ ಚೋಪಡಿಗಳನ್ನೂ ಬಿಡಲಿಲ್ಲ. ಸುಮಾರು 30,000 ಪುಸ್ತಕ 1901ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘಕ್ಕೆ ಮಾರಾಟವಾಗಿ, 1903ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯ ಸೇರಿದವು. ಆತ ಆಯ್ದಿಡದಿದ್ದರೆ ಎಷ್ಟೋ ಚೋಪಡಿ ಪೊಟ್ಟಣ ಕಟ್ಟಲು ಹೋಗುತ್ತಿದ್ದವು.

ಬಾಬಾಸಾಹೇಬರೇ ದೊಡ್ಡ ಸಂಗ್ರಾಹಕರಲ್ಲವೇ? ಬರೋಡದ ವಿದ್ಯಾರ್ಥಿವೇತನದಲ್ಲಿ ಹೊಟ್ಟೆ ಕಟ್ಟಿ, ನ್ಯೂಯಾರ್ಕಿನ ಹಳೇ ಪುಸ್ತಕದಂಗಡಿಗಳಿಂದ ಸುಮಾರು ಎರಡು ಸಾವಿರ ಪುಸ್ತಕ ಕೊಂಡರು ಅಂತ ಜೀವನಚರಿತ್ರೆ ಹೇಳುತ್ತೆ. ಬಹಳಷ್ಟು ಊರು ಮುಟ್ಟಲಿಲ್ಲ. 1917ರಲ್ಲಿ ಅವರ ಸಾಮಾನು ತರುತ್ತಿದ್ದ ಹಡಗನ್ನ ಟಾರ್ಪಿಡೊ ಮುಳುಗಿಸಿತು. ಮತ್ತೆ ಕೂಡಿಸಿದರು, ದಾದರಿನಲ್ಲಿ ಪುಸ್ತಕಕ್ಕೆಂದೇ ರಾಜಗೃಹ ಕಟ್ಟಿಸಿದರು. ಅವರದು ಓದುವವನ ಸಂಗ್ರಹ. ಇಷ್ಟಾದರೂ 1956ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹಸ್ತಪ್ರತಿಗಳು ವರ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಕೊಳೆತವು. ವಸಂತ ಮೂನ್ ಸಂಪಾದಿಸಿದ ಸಂಪುಟಗಳಲ್ಲಿ ಮೊದಲನೆಯದು ಬಂದದ್ದು 1979ರಲ್ಲಿ, ಅರ್ಥಶಾಸ್ತ್ರದ ಆರನೆಯದು 1989ರಲ್ಲಿ. 'ಅಪರೂಪ' ಅಂತ ಅಂಗಡಿಯಾತ ಹೆಮ್ಮೆಯಿಂದ ಹೇಳಿದನಲ್ಲ, ಆ ಅಪರೂಪ ತಾನಾಗಿ ಆದದ್ದಲ್ಲ. ಅಚ್ಚು ಹಾಕಬೇಕಾದವರು ಹಾಕದೇ ಆದದ್ದು.

ಭಿತ್ತಿಪತ್ರಗಳ ಗತಿಯೂ ಹೀಗೇ. 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಕಲಾಶಾಲೆಯನ್ನ ಹಿಡಿದ ವಿದ್ಯಾರ್ಥಿಗಳು ಮುಷ್ಕರದ ಪೋಸ್ಟರುಗಳನ್ನ ಸ್ಕ್ರೀನ್ ಪ್ರಿಂಟ್ ಮಾಡಿ ಹಂಚಿದರು. ಒಂದಕ್ಕೂ ಯಾರ ಸಹಿಯೂ ಇಲ್ಲ. ಇವುಗಳ ಜಾಗ ಬೀದಿ, ಫ್ಯಾಕ್ಟರಿ ಗೋಡೆ. ಅಲಂಕಾರಕ್ಕೆ ತೂಗುಹಾಕಬೇಡಿ ಅಂತ ಅವರೇ ಹೇಳಿದ್ದರು. ಇವತ್ತು ಅವೇ ಕಟ್ಟು ಹಾಕಿಸಿಕೊಂಡು ಹರಾಜಿಗೆ ಬರುತ್ತಿವೆ. ಗೋಡೆಗೆ ಅಂಟದೇ ಉಳಿದದ್ದಕ್ಕೆ ಒಳ್ಳೇ ರೇಟಂತೆ!

ನಮ್ಮವು ಎಲ್ಲಿ? 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಊರೂರು ಹೊತ್ತಿಕೊಂಡಾಗಿನ ಕರಪತ್ರ ಎಷ್ಟು ಮನೆಯಲ್ಲಿವೆ? ನಮ್ಮ ತಾಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಟ್ರಂಕಿನಲ್ಲಿ ಒಂದು ಕಂಡೆವು. ಒಂದು ಮೂಲೆ ಇಲಿ ತಿಂದಿದೆ. ಕೇಳದೇ ಮೇಷ್ಟ್ರು ಕೈಗೆ ಕೊಟ್ಟರು, "ಹಿಡ್ಕಳ್ರಪ್ಪಾ, ಓದ್ರಿ" ಅಂದರು. ಮುಂದಿನ ಬರಹಕ್ಕಿಂತ ನಮ್ಮನ್ನ ಹಿಡಿದದ್ದು ಹಿಂಬದಿಯಲ್ಲಿ ಸೀಸದ ಕಡ್ಡಿಯಲ್ಲಿ ಗೀಚಿದ ಲೆಕ್ಕ: ಅಚ್ಚಿನ ಕೂಲಿ, ಮೈದಾ, ಬಸ್ ಚಾರ್ಜು, ನಾಲ್ಕು ಜನರ ಊಟ. ಕೊನೆಗೆ ಮೂರು ರೂಪಾಯಿ ಬಾಕಿ, ಯಾರಿಗೆ ಅಂತ ಬರೆದಿಲ್ಲ. ಹರಾಜಿನವನು ಇದನ್ನ ಕೆಟ್ಟ ಪ್ರತಿ ಅಂತಾನೆ. ಚಳವಳಿಯ ಅರ್ಥಶಾಸ್ತ್ರ ಬರೆಯುವವನು ಇಲ್ಲಿಂದಲೇ ಶುರು ಮಾಡಬೇಕು.

ಇಂಥವು ನಿಮ್ಮ ಅಟ್ಟದಲ್ಲಿ, ಸಂಘದ ಬೀರುವಿನಲ್ಲಿ ಇದ್ದರೆ ಪತ್ರಿಕೆಗೆ ತಿಳಿಸಿ. ನಾವು ಬಂದು ಫೋನಿನಲ್ಲಿ ಎರಡೂ ಬದಿ ಫೋಟೋ ತೆಗೆದುಕೊಂಡು ಹೋಗುತ್ತೇವೆ. ಕಾಗದ ನಿಮ್ಮಲ್ಲೇ ಇರಲಿ, ಕೇಳಿದವರಿಗೆ ಬಿಡಿಸಿ ತೋರಿಸಿ.