ಬೆರಳ ಸಂದಿನ ಕುಸುರಿ

ಹಳೆಯ ಕಾಲದ ಒಳ್ಳೆಯ ಕೈಗವಸೊಂದು ಸಿಕ್ಕರೆ ಮೊದಲು ಅದರ ಬೆರಳ ಸಂದು ನೋಡಿ. ಅಂಗೈ ಹಿಂಗೈಗಳಲ್ಲಿ ಕಾಣುವುದು ಚರ್ಮದ ನುಣುಪು, ಬಣ್ಣದ ಹೊಳಪು. ಆ ಹೊಗಳಿಕೆ ಆಡಿನ ಮರಿಗೂ ಬಣ್ಣ ಹಾಕಿದವನಿಗೂ ಸಲ್ಲಬೇಕು. ಹೊಲಿದವರ ಕೈಚಳಕ ತಿಳಿಯುವುದು ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ, ಯಾರೂ ಇಣುಕದ ಆ ಇಕ್ಕಟ್ಟಿನಲ್ಲಿ. ಅಲ್ಲಿ ಬೆರಳ ಉದ್ದಕ್ಕೂ ಒಂದು ಸಪೂರ ಪಟ್ಟಿ ಕೂರಿಸಿರುತ್ತಾರೆ. ಫ್ರೆಂಚ್ ಕಸುಬುದಾರರ ಬಾಯಲ್ಲಿ ಅದು ಫೂರ್ಶೆಟ್. ಈ ಪಟ್ಟಿ ಇಲ್ಲದಿದ್ದರೆ ಎರಡು ಪದರ ಚರ್ಮವನ್ನು ಒಂದರ ಮೇಲೊಂದಿಟ್ಟು ಸುತ್ತ ಹೊಲಿದಂತಾಗುತ್ತದೆ, ಬೆರಳು ಚಪ್ಪಟೆ. ಪಟ್ಟಿ ಬಿದ್ದ ಕೂಡಲೇ ಬೆರಳಿಗೆ ದುಂಡು ಬರುತ್ತದೆ. ಇನ್ನೂ ಮೇಲಿನ ದರ್ಜೆಯ ಕೈಗವಸಾದರೆ, ಪಟ್ಟಿಗಳು ಸೇರುವ ಬುಡದಲ್ಲಿ ಕಿರುಬೆರಳ ಉಗುರಿನಷ್ಟು ಒಂದು ವಜ್ರಾಕಾರದ ತುಂಡೂ ಇರುತ್ತದೆ. ಇಂಗ್ಲಿಷ್ ಕಸುಬುದಾರರಿಗೆ ಅದು ಕ್ವರ್ಕ್. ಕೈ ಅಗಲಿಸಿದಾಗ ಬೆರಳ ಬುಡದಲ್ಲಿ ಬೀಳುವ ಎಳೆತವನ್ನೆಲ್ಲ ತಾಳಿಕೊಳ್ಳುವುದು ಆ ಪುಟ್ಟ ತುಂಡು. ತೊಟ್ಟವಳ ಕಣ್ಣಿಗೂ ಅದು ಬೀಳುವುದಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಅರವತ್ತು ವರ್ಷ ಯುರೋಪು, ಅಮೆರಿಕಗಳ ಪೇಟೆಗಳಲ್ಲಿ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಬರಿಗೈಯಲ್ಲಿ ಬೀದಿಗಿಳಿಯುತ್ತಿರಲಿಲ್ಲ. ಚರ್ಚಿಗೆ ಒಂದು ಬಗೆ, ಅಂಗಡಿ ಬೀದಿಗೆ ಒಂದು, ರಾತ್ರಿಯ ಔತಣಕ್ಕೆ ಇನ್ನೊಂದು. ಚಳಿ ಅದಕ್ಕೆ ನೆಪವೂ ಆಗಿರಲಿಲ್ಲ. ಬೇಸಿಗೆಗೆಂದೇ ತೆಳ್ಳನೆಯ ಹತ್ತಿ ಕೈಗವಸುಗಳಿದ್ದವು. ಕೈಯಲ್ಲೇ ಕಲಸಿ ಉಣ್ಣುವ, ಕೈಗೆ ಮದರಂಗಿ ಹಚ್ಚಿ ಮೆರೆಸುವ ನಮಗೆ ಈ ಮುಚ್ಚಾಟ ವಿಚಿತ್ರವಾಗಿ ಕಾಣುವುದು ಸಹಜ. ದುಡಿಯಬೇಕಿಲ್ಲದ ಕೈ ನನ್ನದು ಎಂದು ಸಾರುವ ಜಂಬವೂ ಅದರಲ್ಲಿತ್ತು. ಆ ಜಂಬಕ್ಕಾಗಿ ದುಡಿದ ಕೈಗಳು ಮಾತ್ರ ಬೇರೆಯವರವು. ನನಗೆ ಅಕ್ಕರೆ ಹೆಚ್ಚು ಆ ಕೈಗಳ ಮೇಲೆ.

ದಕ್ಷಿಣ ಫ್ರಾನ್ಸಿನ ಮಿಯೋ ಎಂಬ ಊರು ಕೈಗವಸಿನ ಊರಾದದ್ದು ಚೀಸಿನ ದೆಸೆಯಿಂದ. ಹತ್ತಿರದ ರೋಕ್‌ಫೋರ್ ಗ್ರಾಮದ ಗುಹೆಗಳಲ್ಲಿ ಕುರಿಹಾಲಿನ ಚೀಸು ಹದವಾಗುತ್ತದೆ. ಹಾಲೆಲ್ಲ ಚೀಸಿಗೆ ಬೇಕು, ಹಾಗಾಗಿ ಕುರಿಮರಿಗಳನ್ನು ಎಳೆಯ ವಯಸ್ಸಿನಲ್ಲೇ ಕಡಿಯುತ್ತಿದ್ದರು. ಉಳಿದ ಎಳೆ ಚರ್ಮವನ್ನು ಏನು ಮಾಡುವುದು? ಊರು ಅದಕ್ಕೆ ಕಂಡುಕೊಂಡ ಉತ್ತರ ಕೈಗವಸು. ಇನ್ನೂ ಹುಲ್ಲಿಗೆ ಬಾಯಿ ಹಾಕದ, ಹಾಲು ಕುಡಿಯುವ ಮರಿಯ ಚರ್ಮಕ್ಕೆ ಸರಿಸಾಟಿಯಿಲ್ಲ. ಮೇಯಲು ಶುರುಮಾಡಿತೋ, ಚರ್ಮ ಒರಟಾಗತೊಡಗುತ್ತದೆ. ಇಷ್ಟು ಹೇಳಿದ ಮೇಲೂ ಆ ನುಣುಪನ್ನು ಮೆಚ್ಚುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಜವಾಬಿಲ್ಲ. ಮೆಚ್ಚುತ್ತೇನೆ, ಅಷ್ಟೆ.

ಆಡಿನ ಮರಿಯ ಬಿಳಿ ಚರ್ಮ ಹದ ಮಾಡುತ್ತಿದ್ದ ಬಗೆ ಕೇಳಿದರೆ ಅಡುಗೆಮನೆಗೆ ಹೊಕ್ಕಂತಾಗುತ್ತದೆ: ಪಟಿಕ, ಉಪ್ಪು, ಗೋಧಿಹಿಟ್ಟು, ಮೊಟ್ಟೆಯ ಹಳದಿ. ಪಟಿಕ ಚರ್ಮವನ್ನು ಬೆಳ್ಳಗಾಗಿಸುತ್ತದೆ, ಹಳದಿಯ ಜಿಡ್ಡು ಅದನ್ನು ಮಿದುವಾಗಿ ಇಡುತ್ತದೆ. ಈ ಹದಕ್ಕೆ ಒಂದೇ ಶತ್ರು, ನೀರು. ತೊಳೆದರೆ ಪಟಿಕ ಬಿಟ್ಟುಹೋಗಿ ಚರ್ಮ ರಟ್ಟಾಗುತ್ತದೆ. ಅದಕ್ಕೇ ಬೆಳ್ಳನೆಯ ಕೈಗವಸುಗಳನ್ನು ಬೆಂಜೀನಿನಲ್ಲಿ ಶುಚಿ ಮಾಡುತ್ತಿದ್ದರು. ಅತ್ತರು ಪೂಸಿಕೊಂಡ ಕುಲೀನ ಹೆಂಗಸರು ನೃತ್ಯಶಾಲೆಗೆ ಸಣ್ಣಗೆ ಪೆಟ್ರೋಲು ವಾಸನೆ ಹೊತ್ತು ಬರುತ್ತಿದ್ದರೆಂದು ನೆನೆದರೆ ಯಾಕೋ ಆ ಕಾಲ ಇನ್ನಷ್ಟು ಹತ್ತಿರವಾಗುತ್ತದೆ.

ಕತ್ತರಿಸುವವನ ಸರದಿ ಆಮೇಲೆ. ಚರ್ಮವನ್ನು ತುಸು ಒದ್ದೆಮಾಡಿ ಮೇಜಿನ ಅಂಚಿಗೆ ಒತ್ತಿ ಎಳೆಯುತ್ತಾನೆ, ತಿರುಗಿಸಿ ಮತ್ತೆ ಎಳೆಯುತ್ತಾನೆ. ಒಳ್ಳೆಯ ಕೈಗವಸು ಅಗಲಕ್ಕೆ ಹಿಗ್ಗಬೇಕು, ಉದ್ದಕ್ಕೆ ಹಿಗ್ಗಬಾರದು. ಉದ್ದಕ್ಕೆ ಹಿಗ್ಗಿದರೆ ನಾಲ್ಕು ದಿನದಲ್ಲಿ ಬೆರಳ ತುದಿಗಳು ಜೋತುಬೀಳುತ್ತವೆ. ಒಂದೊಂದು ಚರ್ಮಕ್ಕೂ ಒಂದೊಂದು ಹಟ. ಹೊಟ್ಟೆಯ ಭಾಗ ಹಿಗ್ಗಿದಷ್ಟು ಬೆನ್ನಿನ ಭಾಗ ಹಿಗ್ಗುವುದಿಲ್ಲ, ಅಥವಾ ಬೇಡವಾದ ಕಡೆಗೆ ಹಿಗ್ಗುತ್ತದೆ. ಎಷ್ಟು ಎಳೆದರೆ ಸಾಕು ಎಂಬುದು ಬೆರಳಿಗೆ ಗೊತ್ತಾಗಬೇಕು, ಅಳತೆಪಟ್ಟಿಗೆ ಗೊತ್ತಾಗುವುದಿಲ್ಲ. ಅಳತೆಯೇ ಇರಲಿಲ್ಲವೆಂದಲ್ಲ. ಗ್ರನೋಬ್ಲ್ ನಗರದ ಸೇವಿಯೇ ಜೂವೇನ್ ಎಂಬಾತ ಜನರ ಕೈಗಳನ್ನು ಬಗೆಬಗೆಯಾಗಿ ವಿಂಗಡಿಸಿ, 1834ರಲ್ಲಿ ಕೈಗವಸಿಗೊಂದು ಅಳತೆಯ ಕ್ರಮವನ್ನೇ ರೂಪಿಸಿದ. ಬೆರಳುಗಳ ಆಕಾರಕ್ಕೆ ಚರ್ಮವನ್ನು ಒಮ್ಮೆಗೇ ಕತ್ತರಿಸುವ ಉಕ್ಕಿನ ಅಚ್ಚೂ ಅವನದೇ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆಯನ್ನು ಫ್ರೆಂಚ್ ಅಂಗುಲದಲ್ಲಿ ಹೇಳುವ ವಾಡಿಕೆ ಇಂದಿಗೂ ಉಳಿದಿದೆ. ಒಳಮಗ್ಗುಲಲ್ಲಿ ಆರೂವರೆ ಎಂಬ ಮುದ್ರೆ ಕಂಡರೆ ಹೆಚ್ಚುಕಡಿಮೆ ಹದಿನೇಳೂವರೆ ಸೆಂಟಿಮೀಟರಿನ ಕೈ ಎಂದರ್ಥ. ಗ್ರನೋಬ್ಲ್‌ನವರು ಜೂವೇನ್‌ಗೊಂದು ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ.

ಕತ್ತರಿಸುವುದು ಕಾರ್ಖಾನೆಯ ಗಂಡಸರ ಪಾಲು, ಹೊಲಿಯುವುದು ಸುತ್ತಲ ಹಳ್ಳಿಗಳ ಹೆಂಗಸರ ಪಾಲು. ಕೂಲಿಯೂ ಹೆಸರೂ ಯಾರಿಗೆ ಹೆಚ್ಚು ಎಂದು ಹೇಳಬೇಕಿಲ್ಲ. ಅಂಚುಗಳನ್ನು ಒಳಗೆ ಮಡಿಸಿ ಹೊಲಿದರೆ ಗೆರೆಯೇ ಕಾಣದು. ಅದು ಸಂಜೆಯ ಕೈಗವಸಿನ ಹೊಲಿಗೆ. ಒಂದು ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸಿ ಹೊಲಿಯುವ ಪಿಕೆ ಹೊಲಿಗೆಯಲ್ಲಿ ಒಂದೇ ಅಂಚು ಬಯಲಾಗುತ್ತದೆ, ಬೆರಳು ತೆಳ್ಳಗೆ ಕಾಣುತ್ತದೆ. ಎರಡೂ ಅಂಚು ಹೊರಗೆ ಬಿಟ್ಟು ಕೈಯಲ್ಲೇ ಹೊಲಿದ ಗಟ್ಟಿ ಹೊಲಿಗೆ ಸವಾರಿಗೆ, ಕಾರು ಓಡಿಸುವುದಕ್ಕೆ. ದಕ್ಷಿಣ ಅಮೆರಿಕದ ಪೆಕರಿ ಎಂಬ ಕಾಡುಹಂದಿ ಬಗೆಯ ಪ್ರಾಣಿಯ ಚರ್ಮಕ್ಕೆ ಈ ಹೊಲಿಗೆ ಚೆನ್ನಾಗಿ ಒಪ್ಪುತ್ತದೆ. ಆ ಚರ್ಮದ ಮೇಲೆ ಬಿರುಗೂದಲ ರಂಧ್ರಗಳು ಮೂರು ಮೂರಾಗಿ ಗುಂಪುಗೂಡಿರುತ್ತವೆ, ಅಸಲಿಯೋ ನಕಲಿಯೋ ಎಂದು ಹೇಳುವುದೂ ಅವೇ. ಇನ್ನು ಹಿಂಗೈ ಮೇಲೆ ಓಡುವ ಮೂರು ಸಾಲು ಹೊಲಿಗೆ: ಅವು ಏನನ್ನೂ ಹಿಡಿದಿಡುವುದಿಲ್ಲ, ಬರಿಯ ಅಲಂಕಾರ. ಆದರೂ ಅವಿಲ್ಲದಿದ್ದರೆ ಹಿಂಗೈ ಬೋಳಾಗಿ ಕಾಣುತ್ತದೆ.

ಕೊಳ್ಳುವುದು ಇನ್ನೊಂದು ಸಂಭ್ರಮ. ಅಂಗಡಿಯ ಕಟ್ಟೆಯ ಮೇಲೆ ಪುಟ್ಟ ದಿಂಬು. ಕೊಳ್ಳುವವಳು ಅದರ ಮೇಲೆ ಮೊಣಕೈ ಊರಿ, ಬೆರಳು ಮೇಲೆ ಮಾಡಿ ಕೈ ನಿಲ್ಲಿಸಬೇಕು. ಅಂಗಡಿಯವಳು ಕೈಗವಸಿನೊಳಗೆ ಟಾಲ್ಕ್ ಪುಡಿ ಉದುರಿಸಿ, ಮರದ ಇಕ್ಕಳದಿಂದ ಒಂದೊಂದೇ ಬೆರಳನ್ನು ಸಡಿಲಿಸಿ, ಮೊದಲು ನಾಲ್ಕು ಬೆರಳು, ಆಮೇಲೆ ಹೆಬ್ಬೆರಳು, ಹೀಗೆ ನೀವಿ ನೀವಿ ಇಳಿಸುತ್ತಿದ್ದಳು. ಜಾತ್ರೆಯಲ್ಲಿ ಬಳೆಗಾರ ಕೈ ಹಿಡಿದು, ಹೆಬ್ಬೆರಳ ಬುಡ ಅಮುಕಿ, ಮಾತಿಗೆಳೆಯುತ್ತಲೇ ನೋವಾಗದಂತೆ ಬಳೆ ಏರಿಸುತ್ತಾನಲ್ಲ, ಅದೇ ವಿದ್ಯೆ. ಅಪರಿಚಿತರು ಕೈ ಹಿಡಿಯುವುದಕ್ಕೆ ಎರಡೂ ಕಡೆ ಸಮಾಜ ಕೊಟ್ಟ ರಿಯಾಯಿತಿ ಅದು.

ಗುಂಡಿಯ ಲೆಕ್ಕ ಮೊದಲಿಗೆ ಯಾರನ್ನೂ ಗಲಿಬಿಲಿಗೊಳಿಸುತ್ತದೆ. ಹದಿನಾರು ಗುಂಡಿಯ ಕೈಗವಸು ಎಂದರೆ ಅದರಲ್ಲಿ ಹದಿನಾರು ಗುಂಡಿ ಇರಬೇಕೆಂದಿಲ್ಲ. ಹೆಬ್ಬೆರಳ ಬುಡದಿಂದ ಮೇಲಕ್ಕೆ ಒಂದೊಂದು ಫ್ರೆಂಚ್ ಅಂಗುಲಕ್ಕೆ ಒಂದೊಂದು ಗುಂಡಿ ಎಂಬ ಹಳೆಯ ಲೆಕ್ಕವಷ್ಟೆ ಅದು. ಎಂಟರದು ಮೊಣಕೈಯ ಹತ್ತಿರ, ಹದಿನಾರರದು ತೋಳಿನ ಮೇಲಕ್ಕೆ. ನಿಜವಾದ ಗುಂಡಿಗಳು ಸಾಮಾನ್ಯವಾಗಿ ಮೂರೇ, ಮಣಿಕಟ್ಟಿನ ಒಳಬದಿಯ ಸೀಳಿನಲ್ಲಿ, ಮುತ್ತಿನ ಚಿಪ್ಪಿನವು. ಅವನ್ನು ಹಾಕಿಕೊಳ್ಳಲು ಬೆಳ್ಳಿ ಹಿಡಿಯ ಸಣ್ಣ ಕೊಕ್ಕೆ ಬೇಕಾಗುತ್ತಿತ್ತು. ಈ ಸೀಳಿನ ಕೈಗವಸಿನ ಹೆಸರು ಮುಸ್ಕೆತೇರ್. ಔತಣದ ನಡುವೆ ಗುಂಡಿ ಬಿಚ್ಚಿ, ಸೀಳಿನಿಂದ ಕೈಯನ್ನಷ್ಟೇ ಹೊರಗೆ ತೆಗೆದು, ಖಾಲಿ ಬೆರಳುಗಳನ್ನು ಮಣಿಕಟ್ಟಿನೊಳಕ್ಕೆ ಮಡಿಸಿ ಸೇರಿಸಬಹುದು. ತೋಳಿನ ಭಾಗ ಇದ್ದಲ್ಲೇ ಇರುತ್ತದೆ. ಊಟದ ಮೇಜಿನಲ್ಲಿ ಹೀಗೆ ಮಡಿಸುವುದು ಸೋಮಾರಿತನ, ಪೂರ್ತಿ ತೆಗೆದು ತೊಡೆಯ ಮೇಲಿಡಬೇಕು ಎಂದು ಶಿಷ್ಟಾಚಾರದ ಪಂಡಿತರು ಗದರುತ್ತಿದ್ದರು. ನನ್ನ ಒಲವು ಸೋಮಾರಿಗಳ ಕಡೆಗೇ. ಅಷ್ಟುದ್ದದ ಬಿಳಿ ತೋಳಿನ ನಡುವೆ ಮಣಿಕಟ್ಟಿನಷ್ಟು ಜಾಗದಲ್ಲಿ ಮೈ ಕಾಣಿಸುವ ಆ ಕಿಂಡಿಯ ಮುಂದೆ ಎಷ್ಟೋ ಆಭರಣಗಳು ಸಪ್ಪೆ.

ಮೊದಲ ಮಹಾಯುದ್ಧ ಮುಗಿದು ಲಂಗ ಗಿಡ್ಡವಾಗುತ್ತ ಬಂದ ಹಾಗೆ ಮಣಿಕಟ್ಟಿನ ಮೇಲೆ ಅಗಲವಾಗಿ ಬಿರಿದ ಗಾಂಟ್ಲೆಟ್ ಬಂತು. ಅಂಚಿನ ತುಂಬ ಕಸೂತಿ, ತ್ರಿಕೋನ, ಬಣ್ಣಬಣ್ಣದ ಚರ್ಮದ ತೇಪೆ. ನೋಡಲು ಚಂದ, ಆದರೆ ಕಣ್ಣೆಲ್ಲ ಅಂಚಿಗೇ ಹೋಗಿ ಬೆರಳುಗಳು ಅನಾಥವಾಗುತ್ತವೆ.

ಬೆರಳಿಗೆ ಮರ್ಯಾದೆ ಮರಳಿ ಬಂದದ್ದು ಉಡುಪು ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿಯ ಕಿಡಿಗೇಡಿತನದಿಂದ. 1935ರಲ್ಲಿ ಪಿಕಾಸೊ ಒಂದು ಜೊತೆ ಕೈಗಳಿಗೆ ಬಣ್ಣ ಬಳಿದು ಕೈಗವಸಿನಂತೆ ಮಾಡಿದ್ದ, ಮ್ಯಾನ್ ರೇ ಅದರ ಫೋಟೊ ತೆಗೆದಿದ್ದ. ಸ್ಕಿಯಾಪರೆಲ್ಲಿ ಆ ಆಟವನ್ನು ತಿರುಗಿಸಿ ಆಡಿದಳು. 1936ರ ಚಳಿಗಾಲಕ್ಕೆ ಆಕೆ ತಂದ ಕಪ್ಪು ಸ್ವೇಡಿನ ಕೈಗವಸಿಗೆ ಕೆಂಪು ಹಾವಿನ ಚರ್ಮದ ಉಗುರುಗಳಿದ್ದವು. ಮುಚ್ಚಿದ ಕೈ ಬರಿಗೈಯ ವೇಷ ಹಾಕಿತು, ಅದೂ ಉಗುರಿಗೆ ರಂಗು ಹಚ್ಚಿದ ಬರಿಗೈ. ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿ ಅಂಥದೊಂದು ಜೊತೆಯಿದೆ. ತಮಾಷೆ ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಆ ತಮಾಷೆ ನಿಂತಿರುವುದು ಉಳಿದ ಕೈಗವಸು ಕಿಂಚಿತ್ತೂ ತಮಾಷೆ ಮಾಡದೆ ಅಚ್ಚುಕಟ್ಟಾಗಿರುವುದರಿಂದ. ಬೆರಳು ಒಂದಿಷ್ಟು ಸಡಿಲವಿದ್ದಿದ್ದರೂ ಆ ಉಗುರುಗಳು ನಾಟಕದ ರಾಕ್ಷಸನವಾಗುತ್ತಿದ್ದವು.

ಎರಡನೆಯ ಯುದ್ಧದ ಅಭಾವದಲ್ಲಿ ಹೆಂಗಸರು ಮನೆಯಲ್ಲೇ ಹತ್ತಿ ದಾರದ ಕ್ರೋಶಾ ಕೈಗವಸು ಹೆಣೆದರು. ಬೆರಳನ್ನು ಸುತ್ತುಸುತ್ತಾಗಿ ಹೆಣೆಯುವುದರಿಂದ ಸಂದಿನ ಪಟ್ಟಿಯ ಗೊಡವೆಯೇ ಇಲ್ಲ. ಆ ಜಾಣತನ ನನಗೆ ತುಂಬ ಇಷ್ಟ. ವಿಯೆನ್ನಾದಿಂದ ಇಂಗ್ಲೆಂಡಿಗೆ ಆಶ್ರಯ ಕೇಳಿ ಬಂದ ಕಾರ್ನೀಲಿಯಾ ಜೇಮ್ಸ್ ತನ್ನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಚರ್ಮದ ತುಂಡುಗಳನ್ನು ತಂದಿದ್ದಳಂತೆ. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆ ಮುಗಿಸಿ ಹೊರಟಾಗ ತೊಟ್ಟಿದ್ದ ಕೈಗವಸು ಆಕೆಯದೇ ಕೈಕೆಲಸ. ಪಟ್ಟಾಭಿಷೇಕದ ಕೈಗವಸಿನ ಸಂಗತಿ ಬೇರೆ: ಅದು ಬಲಗೈಗೆ ಮಾತ್ರ, ಒಂಟಿ. 1937ರಲ್ಲಿ ಆರನೇ ಜಾರ್ಜ್‌ಗಾಗಿ ಡೆಂಟ್ಸ್ ಸಂಸ್ಥೆ ಮಾಡಿಕೊಟ್ಟದ್ದನ್ನೇ 2023ರಲ್ಲಿ ಮೊಮ್ಮಗ ಚಾರ್ಲ್ಸ್ ತೊಟ್ಟ. ಚರ್ಮ ಚೆನ್ನಾಗಿ ಹದಗೊಂಡಿದ್ದರೆ ಎಂಬತ್ತಾರು ವರ್ಷ ಏನೂ ಅಲ್ಲ.

ಅಮೆರಿಕದಲ್ಲಿ ಈ ಕಸುಬಿನ ತವರು ನ್ಯೂಯಾರ್ಕ್ ರಾಜ್ಯದ ಗ್ಲವರ್ಸ್‌ವಿಲ್. ಹಾಲಿವುಡ್ಡಿನ ನಿರ್ಮಾಪಕ ಸ್ಯಾಮುಯೆಲ್ ಗೋಲ್ಡ್‌ವಿನ್ ಪೋಲೆಂಡಿನಿಂದ ಬರಿಗೈಲಿ ಬಂದು, ಸಿನಿಮಾಕ್ಕೆ ಕಾಲಿಡುವ ಮುಂಚೆ ಅಲ್ಲಿ ಕೈಗವಸು ಮಾರುತ್ತಿದ್ದ. ಸಿನಿಮಾ ಕೈಗವಸಿನ ಋಣ ತೀರಿಸಿದ್ದು 1946ರ ‘ಗಿಲ್ಡಾ’ದಲ್ಲಿ ಎನ್ನಬೇಕು. ಹಾಡುತ್ತ ಹಾಡುತ್ತ ರೀಟಾ ಹೇವರ್ತ್ ತೋಳುದ್ದದ ಕಪ್ಪು ಕೈಗವಸನ್ನು ನಿಧಾನವಾಗಿ ಕೆಳಕ್ಕೆ ಸರಿಸುತ್ತಾಳೆ. ತೆಗೆಯುವುದು ಒಂದೇ ಕೈಯದು. ತೆರೆದು ತೋರಿಸುವುದು ಬರಿಯ ಒಂದು ಮುಂಗೈ, ಆದರೂ ಅಮೆರಿಕದ ಸೆನ್ಸಾರಿನವರ ಎದೆ ಹೊಡೆದುಕೊಂಡಿರಬೇಕು. ಮೇಲಿನ ಅಂಚನ್ನು ತಿರುಚದೆ, ಬೆರಳ ತುದಿ ಎಳೆದಾಡದೆ, ಚರ್ಮ ಸುಲಿದಂತೆ ಜಾರಬೇಕಾದರೆ ಆ ಕೈಗವಸು ಹೇಗಿರಬೇಕು ಎಂದು ನಾನು ಯೋಚಿಸುವುದುಂಟು. ರಸಿಕರು ನೋಡುವುದು ಬೇರೆ ಇರಬಹುದು.

ಐವತ್ತರ ದಶಕ ಗಿಡ್ಡ ಕೈಗವಸಿನ ಕಾಲ. ಮಣಿಕಟ್ಟಿಗೇ ನಿಲ್ಲುವವು, ತೋಳು ಮುಕ್ಕಾಲು ಉದ್ದವಿದ್ದ ಡಿಯೋರ್ ಮಾದರಿಯ ಜಾಕೆಟ್ಟಿಗೆ ಅವು ಹೇಳಿ ಮಾಡಿಸಿದ ಜೋಡಿ. ಬೆಣ್ಣೆ ಬಣ್ಣ, ನಿಂಬೆ ಹಳದಿ, ತಿಳಿ ನೇರಳೆ. ಆಗಲೇ ಹಿಗ್ಗುವ ನೈಲಾನೂ ಬಂತು: ತೊಳೆಯಬಹುದು, ಗೂಟಕ್ಕೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ, ಟೈಪಿಸ್ಟ್ ಹುಡುಗಿಯ ಸಂಬಳಕ್ಕೂ ಎಟುಕುತ್ತದೆ. ಒಂದೇ ಅಳತೆ, ಎಲ್ಲ ಕೈಗೂ. ಅಗ್ಗದವುಗಳಲ್ಲಿ ಸಂದಿನ ಪಟ್ಟಿ ಇಲ್ಲ, ವಜ್ರದ ತುಂಡಂತೂ ಮೊದಲೇ ಇಲ್ಲ. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಬೆಂಜೀನಿನ ಬಾಟಲಿಯಿಂದಲೂ ಕೊಕ್ಕೆಯಿಂದಲೂ ಹೆಂಗಸರಿಗೆ ಬಿಡುಗಡೆ ಸಿಕ್ಕಿತು. ಆದರೆ ನೂರಾರು ಅಳತೆಗಳಲ್ಲಿ ಕೈಯನ್ನು ಅರ್ಥಮಾಡಿಕೊಂಡಿದ್ದ ಕಸುಬಿಗೆ ಕೈಯೇ ಬೇಡವಾಯಿತು. ಅರವತ್ತರ ದಶಕದಲ್ಲಿ ಕೈಗವಸು ಮೂಲೆಗೆ ಬಿದ್ದಾಗ ಜನ ಕಾರನ್ನೂ, ಮಿನಿ ಸ್ಕರ್ಟನ್ನೂ, ಹೊಸ ತಲೆಮಾರಿನ ಸದರವನ್ನೂ ದೂರಿದರು. ಎಲ್ಲವೂ ನಿಜ. ಕೈಗೆ ಸರಿಯಾಗಿ ಕೂರದ ಕೈಗವಸನ್ನು ಬಿಡುವುದು ಸುಲಭವಾಗಿತ್ತು ಎಂಬುದೂ ನಿಜ.

ಆ ಮುಸ್ಸಂಜೆಯ ಒಂದು ದೃಶ್ಯ 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್’ ಚಿತ್ರದ ಮೊದಲಲ್ಲಿದೆ. ನಸುಕಿನಲ್ಲಿ ಆಡ್ರಿ ಹೆಪ್‌ಬರ್ನ್ ಟ್ಯಾಕ್ಸಿಯಿಂದಿಳಿದು ಆಭರಣದಂಗಡಿಯ ಗಾಜಿನ ಮುಂದೆ ನಿಲ್ಲುತ್ತಾಳೆ. ಜಿವಾಂಶಿಯ ಕಪ್ಪು ಗೌನು, ಮೊಣಕೈ ಮೀರಿದ ಕಪ್ಪು ಕೈಗವಸು. ಕಾಗದದ ಚೀಲದಿಂದ ಕಾಫಿ ಲೋಟವನ್ನೂ ತಿಂಡಿಯನ್ನೂ ತೆಗೆದು ನಿಂತಲ್ಲೇ ತಿನ್ನುತ್ತಾಳೆ, ಕೈಗವಸು ಬಿಚ್ಚದೆ. ಮುಸ್ಕೆತೇರ್ ಮಡಿಸಿದ್ದಕ್ಕೇ ಗದರುತ್ತಿದ್ದ ಪಂಡಿತರು ಇದನ್ನು ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು. ನನ್ನ ಚಿಂತೆ ಬೇರೆ: ಬೆಣ್ಣೆ ಜಿಡ್ಡಿನ ಆ ತಿಂಡಿ, ಎಷ್ಟು ಸಲ ಶಾಟ್ ತೆಗೆದರೋ ಏನೋ, ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಯಾರ ಪಾಲಿಗೆ ಬಂತೋ ಆ ಕೈಗವಸು ಶುಚಿಮಾಡುವ ಕೆಲಸ.